ನಾಳೆ ಬರುತ್ತೇನೆ ಎಂದವನನ್ನು ಕಥೆಯಲ್ಲಿ ಬರೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನನ್ನ ಸೋದರತ್ತೆಯನ್ನು ಮದುವೆಯಾಗುತ್ತೇನೆಂದು ಒಬ್ಬರು ಮೂರು ವರ್ಷ ಮನೆಗೆ ಬಂದುಹೋಗಿ ಮಾಡಿದ್ದರು. ಮದುವೆ ಆಗಲಿಲ್ಲ. ಎಷ್ಟೋ ಕಾಲದ ಮೇಲೆ ಒಂದು ಸಂಜೆ ಅಡಿಕೆ ಸುಲಿಯುತ್ತ ಕೂತಿದ್ದಾಗ, ಅವರು ಮೋಸಗಾರರಲ್ಲವಾ ಎಂದು ನಾನು ಕೇಳಿದೆ. ಅತ್ತೆ ಕೈ ನಿಲ್ಲಿಸದೆ, "ಲೊಟ್ಟೆ ಹೇಳಿದ್ದಲ್ಲ. ಹೇಳುವಾಗ ಅದು ಸತ್ಯವೇ ಆಗಿತ್ತು" ಎಂದರು.

ಕೇರಳದ ಗಡಿನಾಡು ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯಿಂದ ಹೊಸದಾಗಿ ಕಥೆ ಬರೆಯುವವರು ನನಗೆ ಓದಲು ಕೊಡುವ ಹಸ್ತಪ್ರತಿಗಳಲ್ಲಿ ಈ ಮನುಷ್ಯ ಮತ್ತೆ ಮತ್ತೆ ಬರುತ್ತಾನೆ. ಚಂದ ಮಾತಾಡುತ್ತಾನೆ, ಹುಡುಗಿಯ ಮನೆಯವರನ್ನೆಲ್ಲ ಗೆಲ್ಲುತ್ತಾನೆ, ಕೈಕೊಡುತ್ತಾನೆ. ಕಥೆ ಮುಕ್ಕಾಲು ಭಾಗ ಚೆನ್ನಾಗಿ ನಡೆದು ಕೊನೆಯಲ್ಲಿ ಬೀಳುತ್ತದೆ. ಅವನಿಗೆ ಬೇಕಿದ್ದದ್ದು ಆಸ್ತಿ ಮಾತ್ರ ಎಂದು ಗೊತ್ತಾಗಿಬಿಡುತ್ತದೆ, ಇಲ್ಲವೇ ಪಾಪ, ಅವನಿಗೇನೋ ಕಾಯಿಲೆ ಇತ್ತು, ಅದಕ್ಕೇ ದೂರವಾದ ಎಂದು ಗೊತ್ತಾಗಿಬಿಡುತ್ತದೆ. ಎರಡರಲ್ಲೂ ಅವನು ಹಗುರಾಗುತ್ತಾನೆ. ಅವನನ್ನು ನಂಬಿದ ಹುಡುಗಿ ಮೊದಲನೆಯದರಲ್ಲಿ ದಡ್ಡಿಯಾಗುತ್ತಾಳೆ, ಎರಡನೆಯದರಲ್ಲಿ ತ್ಯಾಗಮಯಿ.

ಇಂಥವನ ಪ್ರೀತಿಯೂ ನಿಜ, ಲೆಕ್ಕಾಚಾರವೂ ನಿಜ, ಮತ್ತು ಎರಡೂ ಒಂದೇ ಕೆಲಸದೊಳಗೆ ಇರುತ್ತವೆ ಎಂಬುದು ನನ್ನ ನಂಬಿಕೆ. ಭಾನುವಾರ ಪ್ರೀತಿ, ಸೋಮವಾರ ಲೆಕ್ಕ ಎಂದು ಅವು ಸರದಿಯಲ್ಲಿ ಬರುವುದಿಲ್ಲ. ಅದನ್ನು ಬರೆಯಲು ನಾನು ಹಿಡಿಯುವ ದಾರಿ ಇಲ್ಲಿದೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಮುರಳಿ ಮತ್ತು ಸುಮನಾ, ಇಬ್ಬರೂ ಕಲ್ಪಿತರು.

ಹೆಜ್ಜೆ 1: ಅವನಿಗೆ ಬೇಕಾದ್ದನ್ನೆಲ್ಲ ಬರೆಯಿರಿ, ಸಣ್ಣದನ್ನೂ ಬಿಡಬೇಡಿ

ಗುಣವಾಚಕಗಳಿಂದ ಶುರುಮಾಡಬೇಡಿ. 'ಆಕರ್ಷಕ', 'ಚಂಚಲ', 'ಸ್ವಾರ್ಥಿ' ಎಂದು ಬರೆದಿಟ್ಟುಕೊಂಡರೆ ಕಥೆಯುದ್ದಕ್ಕೂ ಅದನ್ನೇ ಸಾಬೀತು ಮಾಡುತ್ತಾ ಹೋಗುತ್ತೀರಿ. ಅವನಿಗೆ ಏನು ಬೇಕು ಎಂಬುದನ್ನು ಬರೆಯಿರಿ.

ಮುರಳಿಗೆ 31 ವರ್ಷ. ಕುಂಬಳೆ ಕಡೆಯವನು, ಮಂಗಳೂರಿನಲ್ಲಿ ವಾಹನ ಮಾರುವ ಮಳಿಗೆಯೊಂದರಲ್ಲಿ ಕೆಲಸ. ಸುಮನಾಗೆ 28. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಬದಿಯಡ್ಕದ ಒಳಗೆ ಎರಡು ಎಕರೆ ಅಡಿಕೆ ತೋಟ, ಅಣ್ಣ ಬೆಂಗಳೂರು ಸೇರಿದ್ದಾನೆ, ತೋಟ ನೋಡಿಕೊಳ್ಳಲು ಅಪ್ಪ ಒಬ್ಬರೇ. ಮುರಳಿಗೆ ಬೇಕಾದವು ಇವು. ಮಕ್ಕಳು ತಪ್ಪು ಕಾಗುಣಿತದಲ್ಲಿ ಬರೆದದ್ದನ್ನು ಸುಮನಾ ನಗದೆ, ಅದೇ ತಪ್ಪಿನೊಂದಿಗೆ ಓದಿಹೇಳುವ ರೀತಿ ಅವನಿಗೆ ತುಂಬಾ ಇಷ್ಟ. ಅದನ್ನು ಜೀವನವಿಡೀ ಕೇಳುತ್ತಿರಬೇಕು ಎಂದು ನಿಜಕ್ಕೂ ಅನಿಸಿದೆ. ಸುಮನಾಳ ಮನೆಯ ಹಿಂದೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗವಿದೆ. ಏಪ್ರಿಲ್‌ನಲ್ಲೂ ಅದರಲ್ಲಿ ನೀರು ಬತ್ತುವುದಿಲ್ಲ. ಮುರಳಿಯ ಮನೆಯ ಬಾವಿ ಮಾರ್ಚ್‌ಗೇ ತಳ ಕಾಣುತ್ತದೆ. ಆ ನೀರನ್ನು ಕಂಡಾಗ ಅವನಿಗೆ ಆಗುವ ನೆಮ್ಮದಿಯನ್ನು ಆಸೆ ಎನ್ನಬೇಕೋ ಬೇರೆ ಏನೋ ಎನ್ನಬೇಕೋ ಅವನಿಗೂ ತಿಳಿಯದು. ತಂಗಿಯ ಮದುವೆಯ ಸಾಲ ತೀರಿಲ್ಲ, ಟೀಚರ ಸಂಬಳ ತಿಂಗಳು ತಿಂಗಳು ಬರುತ್ತದೆ. ಅವನ ಅಪ್ಪ ತೀರಿಹೋಗಿದ್ದಾರೆ, ಸುಮನಾಳ ಅಪ್ಪ ಅವನ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಕೊನೆಯದು, ದುಬೈಯಲ್ಲಿರುವ ಸ್ನೇಹಿತ ವೀಸಾ ಕಳಿಸುತ್ತೇನೆಂದು ಎರಡು ವರ್ಷದಿಂದ ಹೇಳುತ್ತಿದ್ದಾನೆ. ಅಂದರೆ ಮುರಳಿಯೂ ಇನ್ನೊಬ್ಬರ 'ನಾಳೆ'ಯನ್ನು ಕಾಯುತ್ತಿರುವವನೇ. ಇದನ್ನು ದಯವಿಟ್ಟು ಮರೆಯಬೇಡಿ. ಮಾತು ಉಳಿಸಿಕೊಳ್ಳದವರಲ್ಲಿ ಹೆಚ್ಚಿನವರು ಎಲ್ಲೋ ಯಾರದೋ ಮಾತನ್ನು ನಂಬಿ ಕೂತಿರುತ್ತಾರೆ.

ಈಗ ಪರೀಕ್ಷೆ. ಪಟ್ಟಿಯಿಂದ ಒಂದೊಂದನ್ನೇ ಹೊಡೆದುಹಾಕಿ ನೋಡಿ. ತೋಟ, ನೀರು, ಸಂಬಳ ಇಲ್ಲ ಎಂದಿಟ್ಟುಕೊಳ್ಳಿ. ಮುರಳಿ ಬರುವುದನ್ನೇ ನಿಲ್ಲಿಸಿದರೆ ಅವನು ಬರೀ ಬೇಟೆಗಾರ. ಏನೂ ಬದಲಾಗದಿದ್ದರೆ ಅವನು ಬರೀ ಪ್ರೇಮಿ, ನಿಮಗೆ ಬೇರೆ ಕಥೆ ಬೇಕು. ಅವನು ಬರುತ್ತಾನೆ, ಆದರೆ ವಾರ ಬಿಟ್ಟು ವಾರ ಬರುತ್ತಾನೆ ಎಂದಾದರೆ ಸರಿಯಾದ ಕಡೆ ಇದ್ದೀರಿ.

ಹೆಜ್ಜೆ 2: ಹಳೆಯ ಪಟ್ಟಿಯನ್ನು ನೋಡಿ, ಅದರಲ್ಲಿ ಸಿಕ್ಕಿಕೊಳ್ಳಬೇಡಿ

ನಮ್ಮ ಅಲಂಕಾರಶಾಸ್ತ್ರ ಪ್ರೇಮದ ವಿಷಯದಲ್ಲಿ ನಾಯಕನನ್ನು ನಾಲ್ಕು ಬಗೆ ಮಾಡಿದೆ. ಒಬ್ಬಳಲ್ಲೇ ನಿಷ್ಠೆಯಿರುವವನು ಅನುಕೂಲ. ಮನಸ್ಸು ಬೇರೆಡೆ ಹೋದರೂ ಮೊದಲಿನವಳಿಗೆ ದಾಕ್ಷಿಣ್ಯದಿಂದ ನಡೆದುಕೊಳ್ಳುವವನು ದಕ್ಷಿಣ. ತಪ್ಪನ್ನು ಮುಚ್ಚಿಟ್ಟು ಸವಿಮಾತಾಡುವವನು ಶಠ. ತಪ್ಪಿನ ಗುರುತು ಮೈಮೇಲೇ ಇದ್ದರೂ ನಾಚದವನು ಧೃಷ್ಟ. ನಮ್ಮವನು ದಕ್ಷಿಣನಿಗೂ ಶಠನಿಗೂ ನಡುವೆ ಓಡಾಡುತ್ತಾನೆ. ಮುಚ್ಚಿಡುತ್ತಾನೆ ನಿಜ, ಆದರೆ ಮುಚ್ಚಿಡುವುದೂ ಅವಳಿಗೆ ನೋವಾಗದಿರಲಿ ಎಂದೇ ಎಂದು ನಂಬಿರುತ್ತಾನೆ.

ಇದಕ್ಕಿಂತ ಹೆಚ್ಚಿನದನ್ನು ಮಹಾಭಾರತ ಕಲಿಸುತ್ತದೆ. ಅಲ್ಲಿ ದುಷ್ಯಂತ ಶಕುಂತಲೆಯನ್ನು ಮರೆತಿಲ್ಲ. ನೆನಪಿದ್ದೂ ತುಂಬಿದ ಸಭೆಯಲ್ಲಿ ಗೊತ್ತಿಲ್ಲ ಎನ್ನುತ್ತಾನೆ. ಅಶರೀರವಾಣಿ ನುಡಿದ ಮೇಲೆ, ನನಗೆ ತಿಳಿದೇ ಇತ್ತು, ಬರೀ ಇವಳ ಮಾತಿನ ಮೇಲೆ ಒಪ್ಪಿಕೊಂಡಿದ್ದರೆ ಜನ ಶಂಕಿಸುತ್ತಿದ್ದರು ಎನ್ನುತ್ತಾನೆ. ಕಾಳಿದಾಸ ತನ್ನ ನಾಟಕದಲ್ಲಿ ದೂರ್ವಾಸರ ಶಾಪವನ್ನು ತಂದು ರಾಜನ ಮರೆವನ್ನು ನಿಜದ ಮರೆವಾಗಿಸಿದ. ನಾಟಕ ಚೆಲುವಾಯಿತು, ರಾಜ ತೊಳೆದ ಮುತ್ತಾದ. ನಾವು ಬರೆಯಬೇಕಾದ ಮನುಷ್ಯ ಶಾಪಕ್ಕೆ ಮೊದಲಿನ ದುಷ್ಯಂತ. ನಿಮ್ಮ ಕಥೆಯಲ್ಲಿ ಕಾಯಿಲೆ, ಅಪಘಾತ, ತಾಯಿಗೆ ಕೊಟ್ಟ ಭಾಷೆ ಎಂದೇನಾದರೂ ಕೊನೆಯಲ್ಲಿ ಬಂದು ಅವನನ್ನು ತೊಳೆಯುತ್ತಿದ್ದರೆ ಅದೇ ನಿಮ್ಮ ದೂರ್ವಾಸ. ತೆಗೆದುಬಿಡಿ.

ಅಂಬೆಯ ಸಾಲ್ವ ಇನ್ನೂ ಹತ್ತಿರದವನು. ಭೀಷ್ಮ ಬಿಟ್ಟುಕೊಟ್ಟ ಮೇಲೆ ಅಂಬೆ ತಾನು ಮನಸಾರೆ ವರಿಸಿದ್ದವನ ಬಳಿಗೆ ಬರುತ್ತಾಳೆ. ಇನ್ನೊಬ್ಬ ಗೆದ್ದು ಒಯ್ದವಳನ್ನು ನಾನು ಹೇಗೆ ಸ್ವೀಕರಿಸಲಿ ಎಂದು ಸಾಲ್ವ ಧರ್ಮ ಹೇಳುತ್ತಾನೆ. ಅವಳು ಬಿಡದೆ ಬೇಡಿದಾಗ ಕೊನೆಗೆ ಬೇರೆ ಮಾತು ಹೊರಬೀಳುತ್ತದೆ: ಭೀಷ್ಮನಿಗೆ ಹೆದರುತ್ತೇನೆ. ಮೊದಲು ಬರುವ ಕಾರಣ ದೊಡ್ಡದು, ಗೌರವದ್ದು. ಕೊನೆಗೆ ಬರುವುದು ಸಣ್ಣದು, ನಾಚಿಕೆಯದು. ಎರಡರಲ್ಲಿ ಒಂದೂ ಸುಳ್ಳಲ್ಲ. ನಿಮ್ಮವನ ಮಾತುಗಳನ್ನೂ ಇದೇ ಅನುಕ್ರಮದಲ್ಲಿ ಜೋಡಿಸಿ.

ಹೆಜ್ಜೆ 3: ಅವನ ಚೆಲುವು ಓದುಗರಿಗೂ ತಟ್ಟಬೇಕು

'ಅವನು ಎಲ್ಲರನ್ನೂ ಮಾತಿನಲ್ಲೇ ಮರುಳುಮಾಡುತ್ತಿದ್ದ' ಎಂದು ಬರೆದರೆ ಓದುವವರು ಮರುಳಾಗುವುದಿಲ್ಲ. ಅವನ ಭೇಟಿಯನ್ನು ಓದುಗರೂ ಕಾಯುವಂತಾಗಬೇಕು. ಇದು ಈ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ, ಇದಕ್ಕೆ ಹೆಚ್ಚು ಪುಟ ಕೊಡಿ.

ಇಂಥವರ ಚೆಲುವು ಇರುವುದು ಗಮನದಲ್ಲಿ ಎಂದು ನನಗೆ ಕಂಡಿದೆ. ಬೇರೆಯವರು ಮನೆಗೆ ಬಂದರೆ ಕಾಫಿ ಕುಡಿದು ಹೋಗುತ್ತಾರೆ. ಮುರಳಿ ಕಳೆದ ಸಲ ಅಮ್ಮ ಹೇಳಿದ ಮೊಣಕಾಲು ನೋವನ್ನು ನೆನಪಿಟ್ಟು ಕೇಳುತ್ತಾನೆ. ಹಳೆ ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ಇವತ್ತು ಎಷ್ಟು ದರ, ಹೊಸತಕ್ಕೆ ಎಷ್ಟು ಎಂದು ಮಂಗಳೂರಿನಿಂದ ಕೇಳಿಕೊಂಡು ಬಂದು ಅಪ್ಪನಿಗೆ ಹೇಳುತ್ತಾನೆ. ತಾಳಮದ್ದಳೆಯೊಂದರಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅಪ್ಪ ಇಪ್ಪತ್ತು ವರ್ಷದ ಹಿಂದೆ ಹೇಳಿದ ಅರ್ಥದ ಒಂದು ಮಾತನ್ನು ಎಲ್ಲಿಂದಲೋ ಕೇಳಿ ತಿಳಿದು ಎತ್ತಿ ಆಡುತ್ತಾನೆ. ಅಪ್ಪನ ಮುಖ ಅರಳುತ್ತದೆ. ಇದರಲ್ಲಿ ಲೆಕ್ಕವಿದೆಯಾ? ಇದೆ. ಅಪ್ಪ ಖುಷಿಯಾದದ್ದಕ್ಕೆ ಮುರಳಿಯೂ ಖುಷಿಯಾದನಾ? ಆದ. ಇಷ್ಟು ಸಾಕು, ವಿವರಣೆ ಬೇಡ.

ನಮ್ಮ ಊರಿನಲ್ಲಿ ಕಥೆ ನಡೆಯುವುದಾದರೆ ಇನ್ನೊಂದು ಸಂಪತ್ತು ಕೈಯಲ್ಲೇ ಇದೆ, ಭಾಷೆಗಳು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಸುವ ಊರು ಕಾಸರಗೋಡು. ಮುರಳಿ ಪ್ರತಿಯೊಬ್ಬರಲ್ಲೂ ಅವರವರ ಭಾಷೆಯಲ್ಲಿ, ಅವರವರ ಧಾಟಿಯಲ್ಲಿ ಮಾತಾಡುತ್ತಾನೆ. ಇದು ಬರೀ ಚಾಕಚಕ್ಯತೆಯೆಂದು ತಿಳಿಯಬೇಡಿ, ಇದು ಪ್ರೀತಿಯೂ ಹೌದು. ಆದರೆ ಯಾವ ಭಾಷೆಯಲ್ಲಿ ಮಾತು ಕೊಡುತ್ತಾನೆ, ಯಾವುದರಲ್ಲಿ ಚೌಕಾಸಿ ಮಾಡುತ್ತಾನೆ, ಯಾವುದರಲ್ಲಿ ಸಿಟ್ಟಾಗುತ್ತಾನೆ ಎಂಬುದನ್ನು ನೀವು ಮೊದಲೇ ಗೊತ್ತುಮಾಡಿಕೊಳ್ಳಿ. ಸುಮನಾಳ ಹತ್ತಿರ ಮನೆಮಾತಾದ ಹವಿಗನ್ನಡದಲ್ಲಿ 'ನೋಡುವೊ' ಎನ್ನುತ್ತಾನೆ. ತುಳುವಿನಲ್ಲಿ 'ತೂಕ' ಎನ್ನುತ್ತಾನೆ, ಮಲಯಾಳದಲ್ಲಿ 'ನೋಕ್ಕಾಂ'. ಮೂರಕ್ಕೂ ನೋಡೋಣ ಎಂದೇ ಅರ್ಥ. ಒಂದು ದಿನ ಅವನು ದುಬೈಯ ಸ್ನೇಹಿತನಿಗೆ ಫೋನಿನಲ್ಲಿ 'ನೋಕ್ಕಾಂ' ಎಂದದ್ದು ಸುಮನಾಳ ಕಿವಿಗೆ ಬೀಳುತ್ತದೆ. ತನಗೆ ಹೇಳುವ 'ನೋಡುವೊ'ದ ದನಿಯೇ ಅದರಲ್ಲಿತ್ತು ಎಂಬುದು ಅವಳಿಗೆ ಅರಿವಾಗುವ ಕ್ಷಣಕ್ಕೆ ಯಾವ ಜಗಳದ ಸನ್ನಿವೇಶವೂ ಸಾಟಿಯಾಗದು.

ಸಂಬೋಧನೆಯನ್ನೂ ಗಮನಿಸಿ. ಮುರಳಿ ಸುಮನಾಳ ಅಪ್ಪನನ್ನು ಮೊದಲ ದಿನದಿಂದಲೇ 'ಮಾವ' ಎಂದು ಕರೆಯುತ್ತಾನೆ. ನಮ್ಮಲ್ಲಿ ಪರಿಚಯದ ಹಿರಿಯರನ್ನೆಲ್ಲ ಹಾಗೆ ಕರೆಯುವ ರೂಢಿಯಿದೆ. ಅವನು ಯಾವ ಮಾತೂ ಕೊಟ್ಟಂತಾಗಲಿಲ್ಲ, ಆದರೆ ಮನೆಯವರೆಲ್ಲ ಒಂದು ಮಾತನ್ನು ಕೇಳಿಸಿಕೊಂಡರು. ಇಡೀ ಕಥೆಯ ಬೀಜ ಆ ಒಂದು ಪದದಲ್ಲಿ ಇಡಬಹುದು.

ಹೆಜ್ಜೆ 4: ಮಾತುಗಳ ಖಾತೆ ಇಡಿ

ಒಂದು ನೋಟ್‌ಬುಕ್ಕಿನಲ್ಲಿ ಅವನು ಕೊಟ್ಟ ಮಾತುಗಳನ್ನೆಲ್ಲ ತಾರೀಕು ಸಮೇತ ಬರೆಯಿರಿ. ಎದುರಿಗೆ ನಡೆಸಿದ್ದೆಷ್ಟು, ಬಿಟ್ಟದ್ದೆಷ್ಟು. ಎಲ್ಲವನ್ನೂ ಮುರಿಯುವವನನ್ನು ಮೂರನೆಯ ಪುಟದಲ್ಲೇ ಯಾರೂ ನಂಬುವುದಿಲ್ಲ. ಅವನು ಹೆಚ್ಚಿನವನ್ನು ನಡೆಸಬೇಕು. ಅದಕ್ಕಿಂತ ಒಳ್ಳೆಯದು, ಒಂದು ಮಾತಿನ ಅರ್ಧವನ್ನು ನಡೆಸಬೇಕು.

ಮಾತು ಮುರಿದದ್ದರ ಬೆಲೆ ಕಣ್ಣಿಗೆ ಕಾಣಬೇಕು. 'ಅವಳ ಹೃದಯ ಒಡೆಯಿತು' ಎಂದರೆ ಬೆಲೆ ಕಾಣುವುದಿಲ್ಲ. ಅಡಿಕೆಯ ಊರಿನಲ್ಲಿ ಬೆಲೆ ಕಾಣಿಸುವುದು ಮಳೆಗಾಲದಲ್ಲಿ. ಮಳೆ ಹಿಡಿಯುವ ಮೊದಲು ಗೊನೆಗಳಿಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಬಿಡದಿದ್ದರೆ ಕೊಳೆರೋಗ ಬರುತ್ತದೆ, ಎಳೆಯ ಅಡಿಕೆ ಕೊಳೆತು ಉದುರುತ್ತದೆ. 40-45 ದಿನ ಬಿಟ್ಟು ಇನ್ನೊಂದು ಸಲ ಬಿಡಬೇಕು. ಮರ ಹತ್ತಿ ಮದ್ದು ಬಿಡುವವರು ಸಿಗುವುದು ಕಷ್ಟ. 2019ರ ಮೇ ಕೊನೆಯ ಒಂದು ಸಂಜೆ ಎಂದಿಟ್ಟುಕೊಂಡು ನಾನು ಬರೆದದ್ದು ಹೀಗೆ (ಮನೆಮಾತಿನಲ್ಲಿ 'ಆನು' ಎಂದರೆ ನಾನು, 'ಮಾಡೆಡಿ' ಎಂದರೆ ಮಾಡಬೇಡಿ):

ಜಗಲಿಯಲ್ಲಿ ಅಪ್ಪ ಮುಗಿಲು ನೋಡಿದರು. ಮುರಳಿ ಅದನ್ನು ನೋಡಿದ.

"ಮಾವ, ಮದ್ದು ಬಿಡ್ಲೆ ಜನ ಆನು ಕರಕ್ಕೊಂಡು ಬತ್ತೆ. ನಿಂಗೊ ತಲೆಬೆಶಿ ಮಾಡೆಡಿ."

"ಯೇವಗ?" ಒಳಗಿಂದ ಸುಮನಾ ಕೇಳಿದಳು.

"ಬಪ್ಪ ಆದಿತ್ಯವಾರವೇ."

ಹೇಳಿ ಸುಮ್ಮನೆ ಕೂರಲಿಲ್ಲ. ಕೊಟ್ಟಿಗೆಗೆ ಹೋಗಿ ಮೈಲುತುತ್ತಿನ ಪೊಟ್ಟಣ ನೋಡಿದ, ಸುಣ್ಣ ಗಾಳಿಗೆ ಪುಡಿಯಾಗಿಲ್ಲವಷ್ಟೆ ಎಂದು ಬೆರಳಿನಿಂದ ಮುಟ್ಟಿದ. ನೂರು ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಬೇಡ ಎಂದ. ಸ್ಪ್ರೇಯರಿನ ಪೈಪು ಒಂದು ಕಡೆ ಸೀಳಿತ್ತು. ಅದನ್ನು ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಹೋದ.

ಆದಿತ್ಯವಾರ ಬಸ್ಸಿನ ಕಂಡಕ್ಟರ್ ಪೈಪು ತಂದುಕೊಟ್ಟ. ಸೀಳಿದ್ದಲ್ಲಿ ಹೊಸ ತುಂಡು ಕೂರಿಸಿ, ಎರಡೂ ಕಡೆ ಬಿಗಿಯಾಗಿ ಕ್ಲಿಪ್ಪು ಹಾಕಿಸಿದ್ದ. ಜನ ಬರಲಿಲ್ಲ. ಅವನೂ ಬರಲಿಲ್ಲ. ಮಂಗಳವಾರ ಮಳೆ ಹಿಡಿಯಿತು.

ಇಲ್ಲಿಗೆ ಸನ್ನಿವೇಶ ಮುಗಿಯಿತು. ಜುಲೈಯಲ್ಲಿ ಅಪ್ಪ ಉದುರಿದ ಹಸಿರು ಅಡಿಕೆಯನ್ನು ಬುಟ್ಟಿಗೆ ಹೆಕ್ಕುವುದು ಬೇರೊಂದು ಪುಟದಲ್ಲಿ, ಮುರಳಿಯ ಹೆಸರಿಲ್ಲದೆ ಬರುತ್ತದೆ.

ಅವನು ಯಾಕೆ ಬರಲಿಲ್ಲ? ಬರೆಯುವವರಿಗೆ ಇದು ಸ್ಪಷ್ಟವಾಗಿ ಗೊತ್ತಿರಬೇಕು, ಕಥೆಯಲ್ಲಿ ಪೂರ್ತಿ ಹೇಳದಿದ್ದರೂ. ಮುರಳಿ ಮದ್ದು ಬಿಡುವವರ ಹತ್ತಿರ ನಿಜವಾಗಿಯೂ ಹೋಗಿದ್ದ. ಅವರು ಮುಂಗಡ ಕೇಳಿದರು. ಅವನ ಕೈಯಲ್ಲಿ ಇರಲಿಲ್ಲ, ಮಾವನಲ್ಲಿ ಕೇಳಿದರೆ ತಾನು ದೊಡ್ಡ ಮನುಷ್ಯನಂತೆ ಕಾಣುವುದು ತಪ್ಪುತ್ತಿತ್ತು. ಅದೇ ಭಾನುವಾರ ದುಬೈಯ ಸ್ನೇಹಿತ ರಜೆಯಲ್ಲಿ ಕಾಸರಗೋಡಿಗೆ ಬಂದಿದ್ದ. ಮೂರನೆಯದಾಗಿ, ಪೈಪು ರಿಪೇರಿ ಮಾಡಿಸಿ ಕಳಿಸಿದ ಮೇಲೆ ಅವನ ಮನಸ್ಸಿಗೆ ತಾನು ಮಾಡಬೇಕಾದ್ದನ್ನು ಮಾಡಿದ ಸಮಾಧಾನ ಬಂದುಬಿಟ್ಟಿತ್ತು. ಈ ಮೂರನೆಯದು ನನಗೆ ಮುಖ್ಯ. ಅರ್ಧ ನಡೆಸಿದ ಮಾತು ಪೂರ್ತಿ ನಡೆಸಿದಷ್ಟೇ ಹಿತ ಕೊಡುತ್ತದೆ ಎಂಬುದು ಇಂಥವರ ಗುಟ್ಟು.

ಹೆಜ್ಜೆ 5: ಅವನಿಗೆ ಒಂದು ನಿಜವಾದ ಅಡ್ಡಿಯನ್ನು ಕೊಡಿ

ಎಲ್ಲವೂ ನೆಪವಾದರೆ ಕಥೆ ಒಂದೇ ದಿಕ್ಕಿಗೆ ಜಾರುತ್ತದೆ. ಒಮ್ಮೆಯಾದರೂ ಅವನು ಬರಲಾಗದೆ ಹೋಗಬೇಕು, ಬರಲೊಲ್ಲದೆ ಅಲ್ಲ.

ಗಡಿಯ ಊರಿಗೆ ಇದು ಹುಡುಕಬೇಕಾದ ವಿಷಯವಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳೂ ದಾಟಲಾಗಲಿಲ್ಲ. ಆ ಹೊತ್ತಿಗೆ ಮುರಳಿ ಮಂಗಳೂರಿನಲ್ಲಿ ರೂಮು ಮಾಡಿಕೊಂಡಿದ್ದ ಎಂದಿಟ್ಟುಕೊಳ್ಳಿ. ಇತ್ತ ಸುಮನಾಳ ಅಪ್ಪ ಹಾಸಿಗೆ ಹಿಡಿದಿದ್ದಾರೆ. ಮುರಳಿ ತಲಪಾಡಿಯವರೆಗೆ ಬರುತ್ತಾನೆ, ವಾಪಸ್ಸು ಕಳಿಸುತ್ತಾರೆ, ಅಲ್ಲಿಂದಲೇ ಫೋನು ಮಾಡಿ ಅಳುತ್ತಾನೆ. ಆ ಅಳು ಅಪ್ಪಟ. ಆದರೆ ಹಿಂದಿನ ವರ್ಷದ ಆದಿತ್ಯವಾರ ಸುಮನಾಳ ಕಿವಿಯಲ್ಲಿ ಇನ್ನೂ ಇದೆ, ಅವಳು ಅರ್ಧವನ್ನೇ ನಂಬುತ್ತಾಳೆ. ಇಲ್ಲಿ ಓದುಗರು ಮುರಳಿಯ ಪಕ್ಷ ವಹಿಸಬೇಕು. ವಹಿಸಿದ ಮೇಲೆ, ದಾರಿ ತೆರೆದು ಜನ ಓಡಾಡತೊಡಗಿದ ಮೇಲೂ ಅವನು ಇನ್ನೂ ಎರಡು ವಾರ ಬರಲಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿ.

ಹಳೆಯ ಕಾಲದ ಕಥೆಯಾದರೆ ಅಡ್ಡಿ ಇನ್ನೂ ಉದಾತ್ತವಾಗಬಹುದು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1966ರಲ್ಲಿ ಗಡಿ ವಿವಾದಕ್ಕೆಂದು ಮಹಾಜನ ಆಯೋಗ ರಚನೆಯಾಗಿ, ಮರುವರ್ಷ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕಕ್ಕೆ) ಸೇರಬೇಕೆಂದು ವರದಿ ಕೊಟ್ಟಿತು. ಅದು ಜಾರಿಯಾಗಲಿಲ್ಲ. ಏಕೀಕರಣದ ಚಳವಳಿಯಲ್ಲಿ ಊರೂರು ತಿರುಗುವ ತರುಣನೊಬ್ಬ, ವರದಿ ಬರಲಿ, ಆಮೇಲೆ ನಮ್ಮ ಮದುವೆ ಎಂದು ಒಬ್ಬಳಿಗೆ ಹೇಳುತ್ತಾನೆ ಎಂದುಕೊಳ್ಳಿ. ಅವನ ನಾಡಿನ ಪ್ರೀತಿಯಲ್ಲಿ ಕಲಬೆರಕೆಯಿಲ್ಲ. ಆದರೆ ಅಷ್ಟು ದೊಡ್ಡ ಪ್ರೀತಿಯ ನೆರಳಿನಲ್ಲಿ ಒಂದು ಸಣ್ಣ ಹಿಂಜರಿಕೆ ಹಾಯಾಗಿ ಮಲಗಬಲ್ಲದು. ವರದಿ ಬರುತ್ತದೆ. 'ಜಾರಿಯಾಗಲಿ' ಎನ್ನುತ್ತಾನೆ. ಈ ಕಥೆಯನ್ನು ಯಾರಾದರೂ ಬರೆಯಬೇಕೆಂದು ನನಗೆ ಬಹಳ ಆಸೆ. ಚಳವಳಿಯನ್ನು ಹಗುರ ಮಾಡದೆ, ಹುಡುಗಿಯನ್ನೂ ಹಗುರ ಮಾಡದೆ ಬರೆಯಬೇಕು.

ಹೆಜ್ಜೆ 6: ಅವಳಿಗೂ ಬೆರಕೆ ಮನಸ್ಸಿದೆ

ಸುಮನಾಗೆ ಎಲ್ಲ ಕಾಣುತ್ತದೆ. ದಿನವಿಡೀ ಮೂವತ್ತು ಮಕ್ಕಳ ಸಬೂಬು ಕೇಳುವ ಟೀಚರಿಗೆ ಒಬ್ಬ ಗಂಡಸಿನ ಸಬೂಬು ತಿಳಿಯದೇ? ಹಾಗಿದ್ದೂ ಅವಳು ಯಾಕೆ ಕಾಯುತ್ತಾಳೆ ಎಂಬುದಕ್ಕೆ ಅವಳದೇ ಪಟ್ಟಿ ಬೇಕು. ಅವನು ಬಂದ ದಿನ ಅಪ್ಪ ನಗುತ್ತಾರೆ. ಅವನ ಹೆಸರು ಇರುವವರೆಗೆ ಬೇರೆ ಸಂಬಂಧದ ಮಾತು ಮನೆಗೆ ಬರುವುದಿಲ್ಲ, ಅದು ಅವಳಿಗೆ ಅನುಕೂಲ. ಮದುವೆಯಾಗಿ ದೂರ ಹೋಗಬೇಕಾಗಿಲ್ಲ, ಶಾಲೆ ಬಿಡಬೇಕಾಗಿಲ್ಲ. ಮತ್ತೆ, ಅವನೆಂದರೆ ಇಷ್ಟ. ಇದನ್ನು ಕೊನೆಯಲ್ಲಿ ಬರೆದೆ, ಆದರೆ ಕಡಿಮೆಯದೆಂದು ಅಲ್ಲ.

ಅವಳ ಸನ್ನಿವೇಶಗಳನ್ನು ಜೋಡಿಸಲು, ಪ್ರೇಮದಲ್ಲಿರುವ ನಾಯಿಕೆಯನ್ನು ಎಂಟು ಬಗೆ ಮಾಡುವ ಅಷ್ಟನಾಯಿಕೆಯರ ವಿಂಗಡಣೆ ಬಹಳ ಉಪಯೋಗಕ್ಕೆ ಬರುತ್ತದೆ. ಹೊತ್ತು ಗೊತ್ತುಮಾಡಿ ಬಾರದವನಿಂದ ವಂಚಿತಳಾದವಳು ವಿಪ್ರಲಬ್ಧೆ. ಬೇರೆಡೆ ಇದ್ದು ಬೆಳಗ್ಗೆ ಬಂದವನ ಮೇಲೆ ಸಿಡಿಯುವವಳು ಖಂಡಿತೆ. ಜಗಳವಾಡಿ ಅವನನ್ನು ಕಳಿಸಿ ಆಮೇಲೆ ಪರಿತಪಿಸುವವಳು ಕಲಹಾಂತರಿತೆ. ಇವು ಎಂಟು ಹೆಂಗಸರಲ್ಲ, ಒಬ್ಬಳದೇ ಎಂಟು ಹೊತ್ತುಗಳು ಎಂದು ಓದಿಕೊಳ್ಳಿ. ಮದ್ದಿನ ಭಾನುವಾರ ಸುಮನಾ ವಿಪ್ರಲಬ್ಧೆ. ತಲಪಾಡಿಯ ಫೋನು ಇಟ್ಟ ರಾತ್ರಿ ಕಲಹಾಂತರಿತೆ. ಹಾಗೆ ನೋಡಿದರೆ ಅವಳು ಒಂದೇ ಸಮನೆ ಅಳುತ್ತಿರುವ ದುರ್ಗತಿ ತಪ್ಪುತ್ತದೆ.

ಹೆಜ್ಜೆ 7: ಅವನ ಅರ್ಥವನ್ನು ನೀವೇ ಹೇಳಿ

ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆಲ್ಲೂ ಸಿಗದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಪಾತ್ರದ ಪಕ್ಷವನ್ನು ಸ್ವಂತ ಮಾತಿನಲ್ಲಿ ಕಟ್ಟುತ್ತಾನೆ. ಸಾಲ್ವನ ಅರ್ಥ ಹೇಳಲು ಕೂತವರು, ನಾನು ಹೇಡಿ ಎಂದು ಶುರುಮಾಡುವುದಿಲ್ಲ. ಅವರು ಸಾಲ್ವನಿಗೆ ಸಾಲ್ವನ ನ್ಯಾಯವನ್ನು ಒದಗಿಸುತ್ತಾರೆ. ಎದುರಿನ ಅಂಬೆ ಅದನ್ನು ಬಿಚ್ಚುತ್ತಾ ಹೋಗುತ್ತಾಳೆ.

ಸ್ನೇಹಿತರೊಬ್ಬರನ್ನು ಎದುರಿಗೆ ಕೂರಿಸಿ. ಅವರು ಸುಮನಾ, ನೀವು ಮುರಳಿ. ಬರೆದುಕೊಂಡು ಬರಬಾರದು. ಹದಿನೈದು ನಿಮಿಷ ಮಾತಾಡಿ. ನಿಯಮ ಎರಡೇ: ಮುರಳಿ ತಪ್ಪೊಪ್ಪಿಕೊಳ್ಳುವಂತಿಲ್ಲ, ಗೊತ್ತಿದ್ದು ಸುಳ್ಳು ಹೇಳುವಂತಿಲ್ಲ. ಮೊದಲ ಐದು ನಿಮಿಷ ನಿಮ್ಮ ಬಾಯಲ್ಲಿ ದೊಡ್ಡ ಮಾತುಗಳೇ ಬರುತ್ತವೆ. ಸುಮನಾ ಬಿಡದೆ ಕೇಳಿದರೆ ಹತ್ತನೆಯ ನಿಮಿಷದ ಹೊತ್ತಿಗೆ ನೀವು ಎಣಿಸದೇ ಇದ್ದ ಒಂದು ಸಣ್ಣ ಮಾತು ಹೊರಬರುತ್ತದೆ. ನನಗೆ ಹಾಗೆ ಬಂದದ್ದು, "ನಿಮ್ಮ ಮನೆಯಲ್ಲಿ ನಾನು ಒಳ್ಳೆಯವನಾಗಿರುತ್ತೇನೆ, ನಮ್ಮ ಮನೆಯಲ್ಲಿ ಹಾಗಿರಲು ಆಗುವುದಿಲ್ಲ" ಎಂಬುದು. ಮುಂಗಡದ ನಾಚಿಕೆಯ ಎಳೆ ನನಗೆ ಸಿಕ್ಕಿದ್ದು ಆ ಮಾತಿನಿಂದ.

ಮರುದಿನ ಪಾತ್ರ ಅದಲುಬದಲು ಮಾಡಿ. ಅದು ಇನ್ನೂ ಕಷ್ಟ.

ಹೆಜ್ಜೆ 8: ಯಾರ ಕಣ್ಣು, ಯಾರ ಬಾಯಿ

ಕಥೆ ಸುಮನಾಳ ಕಣ್ಣಿನಿಂದ ನಡೆಯಲಿ ಎಂಬುದು ನನ್ನ ಸಲಹೆ. ಮುರಳಿಯ ಮನಸ್ಸಿಗೆ ಹೋಗಲೇಬೇಕಾದರೆ, ತನ್ನ ಬಗ್ಗೆ ಯೋಚಿಸಲು ಅವನಿಗೆ ಹಿತವಾಗುವುದನ್ನು ಮಾತ್ರ ಯೋಚಿಸಲಿ. ತನ್ನೊಳಗನ್ನು ತಾನೇ ಪೂರ್ತಿ ಬಿಡಿಸಿ ನೋಡುವ ಶಕ್ತಿ ಅವನಿಗಿದ್ದಿದ್ದರೆ ಪೈಪಿನ ಜೊತೆಗೆ ಜನರೂ ಬರುತ್ತಿದ್ದರು.

ಊರಿನವರಿಗೆ ಮಾತ್ರ ಎಲ್ಲವೂ ಗೊತ್ತು. ಗೂಡಂಗಡಿಯವರ ಪ್ರಕಾರ ಅವನ ಕಣ್ಣು ತೋಟದ ಮೇಲೆ. ತೋಟದ ಹುಡುಗರಿಗೇ ಹೆಣ್ಣು ಸಿಗದ ಕಾಲದಲ್ಲಿ ತೋಟಕ್ಕಾಗಿ ಹೆಣ್ಣು ಕೇಳುವವನುಂಟಾ ಎಂದು ಇನ್ನೊಬ್ಬರು. ದೊಡ್ಡಮ್ಮನ ಪ್ರಕಾರ ಮಂಗಳೂರಿನಲ್ಲಿ ಯಾರೋ ಇದ್ದಾಳೆ. ಪ್ರತಿಯೊಬ್ಬರಿಗೂ ಒಂದೊಂದೇ ಕಾರಣ ಕೊಡಿ, ಒಬ್ಬರಿಗೂ ಪೂರ್ತಿ ಸರಿ ಎನಿಸಿಕೊಳ್ಳುವ ಅವಕಾಶ ಕೊಡಬೇಡಿ.

ಹೆಜ್ಜೆ 9: ಕೊನೆ

ಶಿಕ್ಷೆ ಬೇಡ, ಪಶ್ಚಾತ್ತಾಪದ ಪತ್ರವೂ ಬೇಡ. ಅವನ ಸ್ವಭಾವಕ್ಕೆ ತಕ್ಕ ಇನ್ನೊಂದು ಕೆಲಸ, ಅದನ್ನು ಅವಳು ಈ ಸಲ ಬೇರೆ ರೀತಿ ತೆಗೆದುಕೊಳ್ಳುವುದು, ಇಷ್ಟು ಸಾಕು. ನನ್ನ ಕಥೆಯಲ್ಲಿ ಗಡಿಯ ದಾರಿಯೆಲ್ಲ ಸರಿಯಾದ ಮೇಲೆ ಬಂದ ಮೇ ತಿಂಗಳಿಗೆ ಸುಮನಾ ತಾನೇ ಮದ್ದು ಬಿಡುವವರ ಮನೆಗೆ ಹೋಗಿ ಮುಂಗಡ ಕೊಟ್ಟು ಬರುತ್ತಾಳೆ. ಗೊತ್ತಾದ ದಿನ ಅವರು ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮುರಳಿಯೂ ಬರುತ್ತಾನೆ, ಇನ್ನಿಬ್ಬರು ಕೆಲಸದವರನ್ನು ಕರೆದುಕೊಂಡು. ಈ ಸಲ ಮಾತೇ ಕೊಟ್ಟಿರಲಿಲ್ಲ, ಆದರೂ ಬಂದಿದ್ದಾನೆ. ಅವನ ಮುಖದಲ್ಲಿ ಸಂತೋಷವಿದೆ. ಅಮ್ಮ ಎಲ್ಲರಿಗೂ ಊಟ ಬಡಿಸುತ್ತಾರೆ. ಪೈಪಿನ ಆ ಹಳೆಯ ಜೋಡಣೆ ಇನ್ನೂ ಸೋರುತ್ತಿಲ್ಲ ಎಂಬುದನ್ನು ಸುಮನಾ ನೋಡುತ್ತಾಳೆ. ಸಂಜೆ ಅವನು ಹೊರಟಾಗ "ಬತ್ತೆ" ಎನ್ನುತ್ತಾನೆ. ಅವಳು ಯಾವಾಗ ಎಂದು ಕೇಳುವುದಿಲ್ಲ.

ಹೆಜ್ಜೆ 10: ತಿದ್ದುವಾಗ

ಕರಡು ಮುಗಿದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಅವನ ಮಾತುಗಳನ್ನಷ್ಟೇ ಬಿಡಿಯಾಗಿ, ಗಟ್ಟಿಯಾಗಿ ಓದಿ. ಒಂದು ಮಾತಾದರೂ ಬರೀ ಸುಳ್ಳಾಗಿ ಕೇಳಿಸಿದರೆ ಅದಕ್ಕೆ ಸ್ವಲ್ಪ ಸತ್ಯ ಬೆರೆಸಿ. 'ನಿಜ ಹೇಳಬೇಕೆಂದರೆ ಅವನಿಗೆ ಬೇಕಾಗಿದ್ದದ್ದು' ಎಂದು ಶುರುವಾಗುವ ವಾಕ್ಯ ಎಲ್ಲಿದ್ದರೂ ಹೊಡೆದುಹಾಕಿ.

ಕಥೆಯನ್ನು ಇಬ್ಬರಿಗೆ ಕೊಡಿ, ಒಬ್ಬರು ಹಿರಿಯರು, ಒಬ್ಬರು ಮದುವೆಯ ವಯಸ್ಸಿನವರು. ಒಬ್ಬರು 'ಅವಳು ಅವನನ್ನೇ ಆಗಬೇಕಿತ್ತು' ಎಂದು, ಇನ್ನೊಬ್ಬರು 'ಸದ್ಯ, ತಪ್ಪಿತು' ಎಂದು ಹೇಳಿದರೆ, ಯಾವ ಪುಟ ಓದಿ ಹಾಗನಿಸಿತು ಎಂದು ಇಬ್ಬರನ್ನೂ ಕೇಳಿ. ಇಬ್ಬರೂ ರಿಪೇರಿಯಾದ ಪೈಪು ಬಂದ ಪುಟವನ್ನೇ ತೋರಿಸಿದರೆ ಕಥೆ ಪ್ರಕಟಣೆಗೆ ಕಳಿಸಬಹುದು. ಬೇರೆ ಬೇರೆ ಪುಟ ತೋರಿಸಿದರೆ ಪ್ರೀತಿ ಒಂದು ಪುಟದಲ್ಲಿ, ಲೆಕ್ಕ ಇನ್ನೊಂದು ಪುಟದಲ್ಲಿ ಉಳಿದುಬಿಟ್ಟಿದೆ ಎಂದು ಅರ್ಥ. ಆಗ ನಾಲ್ಕನೆಯ ಹೆಜ್ಜೆಗೆ ವಾಪಸ್ಸು ಹೋಗಿ, ಅವನಿಗೆ ಇನ್ನೊಂದು ಅರ್ಧ ಮಾತನ್ನು ಕೊಡಿ.